ಇಲಿಗೆ ವಾಸಿಯಾಯ್ತು, ಅಪ್ಪನಿಗೆ ಯಾಕಿಲ್ಲ?

ಹೋದ ತಿಂಗಳು ಸೆಪ್ಸಿಸ್ (ಸೋಂಕಿನ ನಂಜು ಮೈಗೆಲ್ಲ ಏರುವ ಕಾಯಿಲೆ) ಬಗ್ಗೆ ಬರೆಯುವಾಗ "ಇಲಿಯಲ್ಲಿ ಗೆದ್ದ ಎಷ್ಟೋ ಔಷಧಿಗಳು ಐಸಿಯುನಲ್ಲಿ ಸೋತವು" ಅಂತ ಒಂದು ಸಾಲು ಹಾಕಿ ಮುಂದೆ ಹೋಗಿಬಿಟ್ಟಿದ್ದೆ. ಆ ಒಂದು ಸಾಲಿಗೇ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಇದೇ ವಿಷಯ. ಗ್ಯಾಸ್ಟ್ರಿಕ್, ಮಂಡಿನೋವು, ಕೂದಲು ಉದುರುವುದು ಕೇಳಿದವರು ದಯವಿಟ್ಟು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಬಹಳ ದಿನದಿಂದ ಶುಗರ್ ಇತ್ತು. ಕಾಲುಬೆರಳಿನ ಸಣ್ಣ ಗಾಯ ಕೀವಾಗಿ, ನಂಜು ಮೈಗೆಲ್ಲ ಏರಿತು. 9 ದಿನ ಐಸಿಯುನಲ್ಲಿದ್ದು ತೀರಿಕೊಂಡರು. "ಸೆಪ್ಸಿಸ್‌ಗೆ ಅಂತಲೇ ಬೇರೆ ಔಷಧಿ ಇಲ್ಲ, ಆಂಟಿಬಯೋಟಿಕ್ ಕೊಟ್ಟು, ಬಿಪಿ ಬೀಳದಂತೆ ನೋಡಿಕೊಂಡು ಕಾಯಬೇಕು" ಅಂದರು ಡಾಕ್ಟರು. ಆದರೆ ಪೇಪರಿನಲ್ಲಿ ಆಗಾಗ "ಇಲಿಗಳಲ್ಲಿ ಸೆಪ್ಸಿಸ್ ಗುಣ" ಅಂತ ಓದುತ್ತೇನೆ. ಆ ಔಷಧಿಗಳೆಲ್ಲ ಎಲ್ಲಿ ಹೋಗುತ್ತವೆ? (ಓದುಗರು, ವಿದ್ಯಾನಗರ, ದಾವಣಗೆರೆ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಡಾಕ್ಟರು ಹೇಳಿದ್ದು ನಿಜ. ಪೇಪರಿನವರು ಬರೆದದ್ದೂ ಸುಳ್ಳಲ್ಲ, ಇಲಿಗೆ ವಾಸಿಯಾಗಿರುತ್ತದೆ. ಆದರೆ ಅದು ಎಂಥ ಇಲಿ, ಔಷಧಿ ಯಾವಾಗ ಕೊಟ್ಟರು ಅನ್ನುವುದು ಪೇಪರಿನಲ್ಲಿ ಬರುವುದಿಲ್ಲ.

ನಮ್ಮ ಕಡೆಯ ಉದಾಹರಣೆಯನ್ನೇ ಕೊಡುತ್ತೇನೆ. ಮೆಕ್ಕೆಜೋಳದ ಹೊಲಕ್ಕೆ ರಾತ್ರಿ ಹಂದಿ ನುಗ್ಗಿತು ಅಂತ ಊರಿಗೆ ಊರೇ ದೊಣ್ಣೆ, ಬ್ಯಾಟರಿ ಹಿಡಿದು ಹೊಲದ ತುಂಬ ಓಡಾಡಿತು ಅಂದುಕೊಳ್ಳಿ. ಬೆಳಗಾದ ಮೇಲೆ ನೋಡಿದರೆ ಹಂದಿ ತಿಂದದ್ದಕ್ಕಿಂತ ಜನ ತುಳಿದದ್ದೇ ಜಾಸ್ತಿ. ಸೆಪ್ಸಿಸ್ ಹೆಚ್ಚುಕಮ್ಮಿ ಹೀಗೇ. ರೋಗಾಣುವನ್ನು ಓಡಿಸಲು ಎದ್ದ ದೇಹ ಹದ ತಪ್ಪಿ, ತನ್ನದೇ ಕಿಡ್ನಿ, ಶ್ವಾಸಕೋಶ, ರಕ್ತನಾಳಗಳನ್ನು ತುಳಿದುಹಾಕುತ್ತದೆ. 2017ರಲ್ಲಿ ಜಗತ್ತಿನಲ್ಲಿ 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ, ಅವರಲ್ಲಿ 1.1 ಕೋಟಿ ಜನ ಸತ್ತರು ಅನ್ನುವುದು ಒಂದು ದೊಡ್ಡ ಅಂದಾಜು.

ಈಗ ಔಷಧಿಗೆ ಎರಡು ಕೆಲಸ. ಹಂದಿ ಹೊಡೆಯುವುದು ಒಂದು, ಜನರನ್ನು ತಡೆಯುವುದು ಇನ್ನೊಂದು. ಹಂದಿ ಹೊಡೆಯುವ ಔಷಧಿ ಆಂಟಿಬಯೋಟಿಕ್. ಅದನ್ನು ಪರೀಕ್ಷೆ ಮಾಡಲು ಇಲಿ ಬಹಳ ಒಳ್ಳೆಯ ಸಾಕ್ಷಿ, ಯಾಕೆಂದರೆ ಇಲಿಯ ಮೈಯಲ್ಲಿದ್ದರೂ ನಿಮ್ಮ ತಂದೆಯ ಕಾಲಲ್ಲಿದ್ದರೂ ರೋಗಾಣು ಅದೇ ರೋಗಾಣು. ಜನರನ್ನು ತಡೆಯುವ ಔಷಧಿಗೆ ಬಂದಾಗ ಕಥೆ ಬೇರೆ. ಇಲಿಯ ಊರಿನ ಜನವೇ ಬೇರೆ, ನಮ್ಮ ಊರಿನ ಜನವೇ ಬೇರೆ.

1980ರ ದಶಕದಲ್ಲಿ ಟಿಎನ್‌ಎಫ್ ಅನ್ನುವ ಪ್ರೋಟೀನ್ ವಿಜ್ಞಾನಿಗಳ ಕೈಗೆ ಸಿಕ್ಕಿತು. ಮೊದಲು "ಹಂದಿ ಬಂತು" ಅಂತ ಕೂಗು ಹಾಕುವವನು ಇವನೇ. ಇವನ ಬಾಯಿ ಕಟ್ಟಿದರೆ ಗದ್ದಲವೇ ಇರುವುದಿಲ್ಲ ಅಲ್ವಾ? 1987ರಲ್ಲಿ ಅಮೆರಿಕದ ಕೆವಿನ್ ಟ್ರೇಸಿ ಮತ್ತು ಜೊತೆಯವರು ಬಬೂನ್ ಕೋತಿಗಳ ರಕ್ತಕ್ಕೆ ಜೀವಂತ ಇ. ಕೋಲೈ ಬ್ಯಾಕ್ಟೀರಿಯಾ ಹರಿಸಿದರು. ಟಿಎನ್‌ಎಫ್ ಕಟ್ಟಿಹಾಕುವ ಆಂಟಿಬಾಡಿಯನ್ನು ಮೊದಲೇ ಪಡೆದಿದ್ದ ಕೋತಿಗಳು ಬಚಾವಾದವು. "ಮೊದಲೇ" ಅನ್ನುವ ಮಾತಿಗೆ ಗೆರೆ ಎಳೆದುಕೊಳ್ಳಿ. 2 ಗಂಟೆ ಮುಂಚೆ ಕೊಟ್ಟಾಗ ಪೂರ್ತಿ ರಕ್ಷಣೆ ಸಿಕ್ಕಿತು. 1 ಗಂಟೆ ಮುಂಚೆ ಕೊಟ್ಟಾಗ ಶಾಕ್ ತಪ್ಪಿತು, ಆದರೆ ಅಂಗಾಂಗಗಳಿಗೆ ಬಿದ್ದ ಏಟು ತಪ್ಪಲಿಲ್ಲ. ನಂಜು ಏರುವುದಕ್ಕೆ 2 ಗಂಟೆ ಮುಂಚೆ ಯಾರು ಆಸ್ಪತ್ರೆಗೆ ಹೋಗುತ್ತಾರೆ ಹೇಳಿ? 1990ರ ದಶಕದಲ್ಲಿ ಇದೇ ಬಗೆಯ ಔಷಧಿಗಳನ್ನು ಸಾವಿರಾರು ರೋಗಿಗಳಿಗೆ ಕೊಟ್ಟು ನೋಡಿದರು. ನಂಬಿದ್ದಷ್ಟು ಫಲ ಸಿಗಲಿಲ್ಲ, ಸೆಪ್ಸಿಸ್ ಔಷಧಿಯಾಗಿ ಅವು ನಿಲ್ಲಲಿಲ್ಲ. ತಮಾಷೆ ಅಂದರೆ ಅದೇ ಟಿಎನ್‌ಎಫ್ ತಡೆಯುವ ಔಷಧಿಗಳು ಆಮೇಲೆ ಕೀಲುವಾತದ ರೋಗಿಗಳಿಗೆ ವರವಾದವು. ಇವತ್ತು ಆ ಇಂಜೆಕ್ಷನ್ ಬರೆಯುವ ಡಾಕ್ಟರು "ಇದರಿಂದ ಇನ್‌ಫೆಕ್ಷನ್ ಜಾಸ್ತಿಯಾಗಬಹುದು, ಹುಷಾರು" ಅಂತ ಮೊದಲೇ ಎಚ್ಚರಿಸುತ್ತಾರೆ. ಕೂಗು ಹಾಕುವವನ ಬಾಯಿ ಕಟ್ಟಿದರೆ ಹಂದಿಗೂ ಅನುಕೂಲವೇ.

ಇನ್ನೊಂದು ಔಷಧಿ ಮಾರುಕಟ್ಟೆಗೂ ಬಂತು. ಹೆಸರು ಝೈಗ್ರಿಸ್. ಅದೂ ಬಬೂನ್‌ಗಳಲ್ಲಿ ಕೆಲಸ ಮಾಡಿತ್ತು. 2001ರ ಪರೀಕ್ಷೆಯಲ್ಲಿ 1,690 ರೋಗಿಗಳಿದ್ದರು. ಔಷಧಿ ಸಿಗದವರಲ್ಲಿ 100ಕ್ಕೆ ಸುಮಾರು 31 ಜನ ಸತ್ತರೆ, ಸಿಕ್ಕವರಲ್ಲಿ 25. ಎಲ್ಲರೂ ಕುಣಿದಾಡಿದರು. ಮತ್ತೊಮ್ಮೆ ದೊಡ್ಡದಾಗಿ ಪರೀಕ್ಷೆ ಮಾಡಿದರೆ ಔಷಧಿ ಪಡೆದವರಲ್ಲಿ 100ಕ್ಕೆ 26 ಜನ ಸತ್ತರು, ಪಡೆಯದವರಲ್ಲಿ 24. ಲಾಭ ಮಾಯ. 2011ರ ಅಕ್ಟೋಬರಿನಲ್ಲಿ ಕಂಪನಿಯೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು.

ಈಗ ಆ ಇಲಿಯನ್ನು ನೋಡಿ. ವಯಸ್ಸು 8ರಿಂದ 12 ವಾರ, ಅಂದರೆ ನಮ್ಮ ಲೆಕ್ಕದಲ್ಲಿ ಕಾಲೇಜು ಹುಡುಗ. ಶುಗರ್ ಇಲ್ಲ, ಬಿಪಿ ಇಲ್ಲ, ಬೀಡಿ ಸೇದಿಲ್ಲ. ಹುಟ್ಟಿದಾಗಿನಿಂದ ಸೋಸಿದ ಗಾಳಿ, ಹದ ಮಾಡಿದ ಆಹಾರ. ಒಂದು ತಳಿಯ ಇಲಿಗಳೆಲ್ಲ ಅವಳಿಜವಳಿ ಇದ್ದಂತೆ. ಅಷ್ಟೇ ಅಲ್ಲ, ಹಳೆಯ ಎಷ್ಟೋ ಪ್ರಯೋಗಗಳಲ್ಲಿ ಇಲಿಗೆ ಆಂಟಿಬಯೋಟಿಕ್, ಡ್ರಿಪ್ ಏನೂ ಕೊಡುತ್ತಿರಲಿಲ್ಲ, ಹೊಸ ಔಷಧಿ ಒಂದನ್ನೇ ಕೊಟ್ಟು ನೋಡುತ್ತಿದ್ದರು. ನಿಮ್ಮ ತಂದೆಗೆ ಇವೆಲ್ಲ ಸಿಕ್ಕಿದ ಮೇಲೂ ಉಳಿದ ತೊಂದರೆಗೆ ಔಷಧಿ ಬೇಕಿತ್ತು. 18 ವರ್ಷದ ಕುಸ್ತಿ ಹುಡುಗನನ್ನು ಕೇಳಿ 68ರ ಹಿರಿಯರಿಗೆ ಔಷಧಿ ಬರೆದ ಹಾಗಾಯಿತು. ಇಲಿ ಸುಳ್ಳು ಹೇಳಲಿಲ್ಲ, ಅದನ್ನು ಕೇಳಿದ ಪ್ರಶ್ನೆಯೇ ನಿಮ್ಮ ತಂದೆಯದ್ದಾಗಿರಲಿಲ್ಲ.

ಪ್ರಶ್ನೆ: ಇಲಿಗೆ ಸೆಪ್ಸಿಸ್ ಬರಿಸುವುದು ಹೇಗೆ? ಸುಮ್ನೆ ರೋಗಾಣು ಚುಚ್ಚಿದರೆ ಸಾಕಾ? ನಮ್ಮ ಪುಸ್ತಕದಲ್ಲಿ ಎರಡು ಸಾಲು ಮಾತ್ರ ಇದೆ. (ಫಾರ್ಮಸಿ ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲಮ್ಮ ಇದು. ಚುಚ್ಚುವುದೂ ಒಂದು ದಾರಿ. ಆದರೆ ಒಂದೇ ಸಲ ಕೋಟಿಗಟ್ಟಲೆ ರೋಗಾಣು ರಕ್ತಕ್ಕೆ ಬೀಳುವುದು ಮನುಷ್ಯರಲ್ಲಿ ಆಗುವ ಸಂಗತಿಯಲ್ಲ. ನಮ್ಮಲ್ಲಿ ಅದು ಎಲ್ಲೋ ಒಂದು ಕಡೆ ಕುದಿಯುತ್ತಾ ಕುದಿಯುತ್ತಾ ಉಕ್ಕುತ್ತದೆ.

ಇನ್ನೊಂದು ದಾರಿ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಗೋಡೆಯ ವಿಷವನ್ನು ಮಾತ್ರ ಚುಚ್ಚುವುದು. ಮಾಡುವುದು ಬಹಳ ಸುಲಭ, ಅದಕ್ಕೇ ಜನ ಅದಕ್ಕೆ ಜೋತುಬಿದ್ದರು. ಆದರೆ ಇಲಿಗೆ ಈ ವಿಷ ಅಷ್ಟಾಗಿ ನಾಟುವುದಿಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಕೆಜಿಗೆ 2ರಿಂದ 4 ನ್ಯಾನೋಗ್ರಾಂ ಕೊಟ್ಟರೆ ಸಾಕು, ಚಳಿಜ್ವರ ಬರುತ್ತದೆ. ನ್ಯಾನೋಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. 1993ರಲ್ಲಿ ಒಂದು ಪ್ರಕರಣ ಪ್ರಕಟವಾಯಿತು. ಲ್ಯಾಬಿನ ಕೆಲಸಗಾರನೊಬ್ಬ ತನ್ನ ಗೆಡ್ಡೆ ಕರಗಲಿ ಅಂತ ತಾನೇ 1 ಮಿಲಿಗ್ರಾಂ ಚುಚ್ಚಿಕೊಂಡು, ಶಾಕ್‌ಗೆ ಹೋಗಿ, ಐಸಿಯುನಲ್ಲಿ ಹೇಗೋ ಬದುಕಿಕೊಂಡ. ಇಲಿಯನ್ನು ಆ ಸ್ಥಿತಿಗೆ ತರಬೇಕಾದರೆ ತೂಕದ ಲೆಕ್ಕದಲ್ಲಿ ಅದರ ನೂರಾರು ಪಟ್ಟು ಬೇಕು.

ಮೂರನೆಯದು ಈ ಕ್ಷೇತ್ರದವರು ಚಿನ್ನದಂತೆ ನೋಡುವ ವಿಧಾನ. 1980ರಲ್ಲಿ ಅಮೆರಿಕದ ಸರ್ಜನ್‌ಗಳು ಅದನ್ನು ಬರೆದಿಟ್ಟರು. ಅಪೆಂಡಿಕ್ಸ್ ಒಡೆದರೆ ಹೊಟ್ಟೆಯೊಳಗೆ ಏನಾಗುತ್ತದೋ ಅದನ್ನೇ ಇಲಿಯಲ್ಲಿ ಮಾಡುವುದು. ಅರಿವಳಿಕೆ ಕೊಟ್ಟು ಹೊಟ್ಟೆಯ ನಡುವೆ ಒಂದು ಸೆಂಟಿಮೀಟರಿನಷ್ಟು ಕೊಯ್ಯುತ್ತಾರೆ. ದೊಡ್ಡ ಕರುಳು ಶುರುವಾಗುವ ಕಡೆ ಸೀಕಂ ಅಂತ ಒಂದು ಚೀಲ ಇದೆ, ಇಲಿಯಲ್ಲಿ ಅದು ಮೈಗೆ ಹೋಲಿಸಿದರೆ ಬಹಳ ದೊಡ್ಡದು, ತುದಿಯ ಕಡೆ ಚೂಪಾಗಿ ಬಾಗಿರುತ್ತದೆ. ಅದನ್ನು ಮೆಲ್ಲಗೆ ಹೊರಗೆ ತೆಗೆದು, ಒಂದು ಭಾಗವನ್ನು ರೇಷ್ಮೆ ದಾರದಿಂದ ಬಿಗಿದು, ಸೂಜಿಯಿಂದ ಚುಚ್ಚಿ, ಒಂದು ಚೂರು ಮಲ ಹೊರಬರುವಷ್ಟು ಒತ್ತಿ, ಮತ್ತೆ ಒಳಗಿಟ್ಟು ಹೊಲಿಯುತ್ತಾರೆ. ಆಮೇಲೆ ಚರ್ಮದಡಿ ಸಲೈನ್, ನೋವಿನ ಔಷಧಿ. ಇಲಿ ಎದ್ದು ಓಡಾಡುತ್ತದೆ. ಗಂಟೆಗಳು ಕಳೆದಂತೆ ಕಾಯಿಲೆ ಏರುತ್ತದೆ.

ಕಾಯಿಲೆ ಎಷ್ಟು ಜೋರು ಅನ್ನುವುದು ಎಷ್ಟು ಉದ್ದ ಬಿಗಿದಿರಿ, ಯಾವ ಸೂಜಿ ಹಾಕಿದಿರಿ ಅನ್ನುವುದರ ಮೇಲೆ ನಿಂತಿದೆ. ಗುಲಾಬಿ ಬುಡದ ದಪ್ಪ 18 ನಂಬರಿಗೂ ಹಸಿರು ಬುಡದ ಸಣ್ಣ 21 ನಂಬರಿಗೂ ನರ್ಸ್‌ಗಳಿಗೆ ವ್ಯತ್ಯಾಸ ಗೊತ್ತಿರುತ್ತದೆ, ಇಲ್ಲಿ ಅದು ಸಾವು ಬದುಕಿನ ವ್ಯತ್ಯಾಸ. ಸೂಜಿ ಒಂದೇ ಆದರೂ ಕೈ ಬದಲಾದರೆ ಫಲಿತಾಂಶ ಬದಲು. ನಾನು ಬೇರೆ ಊರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನಾವಿಬ್ಬರು ಒಂದೇ ಟೇಬಲ್ಲಿನಲ್ಲಿ, ಒಂದೇ ಪೆಟ್ಟಿಗೆಯ ಇಲಿಗಳಿಗೆ ಈ ಆಪರೇಷನ್ ಮಾಡುತ್ತಿದ್ದೆವು. ಗೆಳೆಯನ ಇಲಿಗಳು ಎರಡನೇ ದಿನಕ್ಕೇ ಮಲಗುತ್ತಿದ್ದವು. ನನ್ನವು ಏನೂ ಆಗದವರಂತೆ ಕಾಳು ಮೆಲ್ಲುತ್ತಿದ್ದವು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ನಾನು ಸೀಕಂ ಒತ್ತುವಾಗ ಹೆದರಿ ಹೆದರಿ ಒತ್ತುತ್ತಿದ್ದೆ. ಮೇ ತಿಂಗಳಲ್ಲಿ ಒಂದು ಶನಿವಾರ ಅನಿಮಲ್ ಹೌಸಿನ ಎಸಿ ಕೆಟ್ಟು ಸೋಮವಾರದವರೆಗೆ ಯಾರೂ ನೋಡಲಿಲ್ಲ, ಆ ವಾರದ ಲೆಕ್ಕವನ್ನೆಲ್ಲ ಹರಿದು ಹಾಕಬೇಕಾಯಿತು. ಇಂಥದ್ದೆಲ್ಲ ಪ್ರಕಟವಾದ ಪ್ರಬಂಧದಲ್ಲಿ ಕಾಣುವುದಿಲ್ಲ. ವೈವಾ ಪರೀಕ್ಷೆಯಲ್ಲಿ ಸೂಜಿ ನಂಬರ್ ಕೇಳಿದರೆ ನನ್ನನ್ನು ನೆನೆಸಿಕೊಳ್ಳಿ.

ಪ್ರಶ್ನೆ: ನಾವು ಕುರಿ ಸಾಕುವವರು. ನೆರಡಿ ರೋಗ (ಆಂಥ್ರಾಕ್ಸ್) ಬಂದರೆ ಸಂಜೆ ಚೆನ್ನಾಗಿದ್ದ ಕುರಿ ಬೆಳಗ್ಗೆ ಸತ್ತು ಬಿದ್ದಿರುತ್ತದೆ, ಮೂಗಿನಿಂದ ರಕ್ತ. ಇದೂ ನೀವು ಬರೆದ ಕಾಯಿಲೆಯೇನಾ? ಇಷ್ಟು ಕುರಿ ಇರುವಾಗ ಇಲಿ ಯಾಕೆ ಬೇಕು? (ಓದುಗರು, ಚಳ್ಳಕೆರೆ ತಾಲೂಕು)

ಉತ್ತರ: ಹೌದು, ಅದೂ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕೊಲ್ಲುವ ಕಾಯಿಲೆಯೇ. ನಿಮ್ಮ ಪ್ರಶ್ನೆಯಿಂದಲೇ ಈ ಇಡೀ ವಿದ್ಯೆ ಶುರುವಾಯಿತು ಅಂದರೆ ನಂಬುತ್ತೀರಾ? 1870ರ ದಶಕದಲ್ಲಿ ಜರ್ಮನಿಯ ಹಳ್ಳಿಗಾಡಿನಲ್ಲಿ ರಾಬರ್ಟ್ ಕಾಕ್ ಅನ್ನುವ ಡಾಕ್ಟರು ಇದ್ದರು. ಅವರ ಕಡೆಯೂ ಕುರಿಗಳು ನೆರಡಿಯಿಂದ ಸಾಯುತ್ತಿದ್ದವು. ಅವರಿಗೆ ದೊಡ್ಡ ಲ್ಯಾಬ್ ಏನೂ ಇರಲಿಲ್ಲ. ಸತ್ತ ಪ್ರಾಣಿಯ ರಕ್ತವನ್ನು ಮರದ ಸಣ್ಣ ಸಿಬಿರಿನ ತುದಿಗೆ ಹಚ್ಚಿ ಇಲಿಗೆ ಚುಚ್ಚಿದರು. ಇಲಿ ಸತ್ತಿತು, ಗುಲ್ಮ ಊದಿಕೊಂಡಿತ್ತು, ರಕ್ತದಲ್ಲಿ ಅದೇ ಕಡ್ಡಿಯಂಥ ಜೀವಿಗಳು. ಆ ಇಲಿಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. 1876ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ಇಂಥ ಕಾಯಿಲೆ ಇಂಥ ರೋಗಾಣುವಿನಿಂದ ಅಂತ ಗಟ್ಟಿಯಾಗಿ ತೋರಿಸಿದ ಮೊದಲ ಕೆಲಸಗಳಲ್ಲಿ ಅದೂ ಒಂದು.

ಇಲಿ ಯಾಕೆ ಅಂದರೆ ಸಣ್ಣದು, ಬೇಗ ಮರಿ ಹಾಕುತ್ತದೆ, ಖರ್ಚು ಕಡಿಮೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಕುರಿಯನ್ನೂ ಬಳಸುತ್ತಾರೆ. 25 ಗ್ರಾಂ ಇಲಿಯಲ್ಲಿ ಇರುವುದೇ 2 ಮಿಲಿಯಷ್ಟು ರಕ್ತ, ಗಂಟೆಗಂಟೆಗೆ ತೆಗೆದು ನೋಡಲು ಆಗುವುದಿಲ್ಲ. ಕುರಿಗಾದರೆ ಮನುಷ್ಯರ ಹಾಗೆಯೇ ನಳಿಗೆ ಹಾಕಬಹುದು, ವೆಂಟಿಲೇಟರ್ ಹಚ್ಚಬಹುದು, ಮೂತ್ರ ಅಳೆಯಬಹುದು, ಒಂದು ಸಣ್ಣ ಐಸಿಯುನೇ ಮಾಡಬಹುದು. ಎಂಡೋಟಾಕ್ಸಿನ್ ವಿಷಯದಲ್ಲಿ ಕುರಿ ಇಲಿಯಷ್ಟು ಗಟ್ಟಿಯಲ್ಲ, ಸ್ವಲ್ಪಕ್ಕೇ ಉಸಿರಾಟ ಕೆಡುತ್ತದೆ, ಯಾಕೆಂದರೆ ಅದರ ಶ್ವಾಸಕೋಶದ ರಕ್ತನಾಳಗಳಲ್ಲೇ ಕಾವಲು ಕಣಗಳು ಕೂತಿರುತ್ತವೆ. ಇದೂ ಪೂರ್ತಿ ಮನುಷ್ಯರ ಹಾಗಲ್ಲ.

ಒಂದು ಮಾತು, ಪ್ರಶ್ನೆಯಲ್ಲಿ ಕೇಳದಿದ್ದರೂ ಹೇಳುತ್ತೇನೆ. ನೆರಡಿ ಅನುಮಾನ ಬಂದ ಕುರಿಯನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಹಂಚಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಆಳವಾಗಿ ಗುಂಡಿ ತೋಡಿ ಹೂಳಿ. ಕೊಯ್ದರೆ ಗಾಳಿ ಸೋಕಿ ಆ ಬ್ಯಾಕ್ಟೀರಿಯಾ ಬೀಜಕಟ್ಟುತ್ತದೆ, ಆ ಬೀಜ ನಿಮ್ಮ ಹುಲ್ಲುಗಾವಲಿನ ಮಣ್ಣಿನಲ್ಲಿ ಹತ್ತಾರು ವರ್ಷ ಇರುತ್ತದೆ.

ಪ್ರಶ್ನೆ: ಮೂಕಪ್ರಾಣಿಗೆ ಬೇಕಂತಲೇ ಕಾಯಿಲೆ ತಂದು ಸಾಯಲು ಬಿಡುವುದು ಪಾಪ ಅಲ್ಲವೇ? ಇದನ್ನು ವಿಜ್ಞಾನ ಅಂತ ಹೇಗೆ ಒಪ್ಪಿಕೊಳ್ಳುತ್ತೀರಿ ಸಾರ್? (ನಿವೃತ್ತ ಶಿಕ್ಷಕಿ, ಹರಿಹರ)

ಉತ್ತರ: ಮೇಡಂ, ಹಿಂಸೆ ಅಲ್ಲ ಅಂತ ನಾನು ವಾದ ಮಾಡುವುದಿಲ್ಲ. ಹಿಂಸೆಯೇ. ನಾನು ಕಣ್ಣಾರೆ ನೋಡಿದ್ದೇನೆ.

ರಾತ್ರಿ ಪಾಳಿಯಲ್ಲಿ 4 ಗಂಟೆಗೊಮ್ಮೆ ಪಂಜರ ನೋಡಬೇಕಿತ್ತು. ಆರೋಗ್ಯವಾಗಿರುವ ಇಲಿ ಮುಚ್ಚಳ ಎತ್ತಿದ ಕೂಡಲೇ ಹಿಂದಿನ ಕಾಲ ಮೇಲೆ ನಿಂತು ಮೂಗು ಆಡಿಸುತ್ತದೆ. ಕೊಟ್ಟ ಕಾಗದದ ಚೂರನ್ನೆಲ್ಲ ಹರಿದು ಗೂಡು ಕಟ್ಟಿರುತ್ತದೆ. ಕಾಯಿಲೆ ಏರಿದ ಇಲಿಯ ಪಂಜರದಲ್ಲಿ ಕಾಗದ ಕೊಟ್ಟ ಹಾಗೇ ಬಿದ್ದಿರುತ್ತದೆ. ಇಲಿ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ರೋಮ ಎಲ್ಲ ನಿಮಿರಿಸಿಕೊಂಡು, ಅರ್ಧ ಕಣ್ಣು ಮುಚ್ಚಿ ಕೂತಿರುತ್ತದೆ. ಬೆರಳಿಂದ ಮುಟ್ಟಿದರೂ ಸರಿಯುವುದಿಲ್ಲ. ಹೊಟ್ಟೆ ಹಿಡಿದರೆ ತಣ್ಣಗೆ. ನಮಗೆ ಜ್ವರ ಬರುತ್ತದೆ, ಇಲಿಗೆ ಮೈ ತಣ್ಣಗಾಗುತ್ತದೆ, ಇದೂ ಒಂದು ದೊಡ್ಡ ವ್ಯತ್ಯಾಸ. ಮಾಮೂಲಿ 37 ಡಿಗ್ರಿ ಇರುವ ಮೈ ಜಾರುತ್ತಾ ಜಾರುತ್ತಾ 30ರ ಹತ್ತಿರ ಬಂದರೆ ಅದು ಉಳಿಯುವುದಿಲ್ಲ ಅಂತಲೇ ಅರ್ಥ. ನಮ್ಮಲ್ಲಿ ಆ ಗಡಿ ದಾಟಿದ ಇಲಿಯನ್ನು ಕಾಯಿಸುತ್ತಿರಲಿಲ್ಲ, ನೋವಿಲ್ಲದ ಹಾಗೆ ಮುಗಿಸಿಬಿಡುತ್ತಿದ್ದೆವು. ಸಾಯುವವರೆಗೆ ಸುಮ್ಮನೆ ಕೂತು ಲೆಕ್ಕ ಬರೆದುಕೊಳ್ಳುವ ಹಳೆಯ ಪದ್ಧತಿ ಈಗ ಒಳ್ಳೆಯ ಲ್ಯಾಬುಗಳಲ್ಲಿ ನಡೆಯುವುದಿಲ್ಲ.

ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಈ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತದೆ. ಸಣ್ಣ ಪ್ರಾಣಿಯಲ್ಲಿ ಆಗುವುದಾದರೆ ದೊಡ್ಡದನ್ನು ಮುಟ್ಟಬಾರದು, ಕೈ ಪಳಗಲಿ ಅಂತ ಮಾತ್ರ ಪ್ರಯೋಗ ಮಾಡಬಾರದು. 1998ರ ನಿಯಮಗಳ ಪ್ರಕಾರ ಸಂಸ್ಥೆ ನೋಂದಣಿ ಆಗಿರಬೇಕು, ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ವಿಜ್ಞಾನಿ ಅಲ್ಲದ ಒಬ್ಬರೂ ಇರಬೇಕು. ನಿಮ್ಮಂಥವರು ಅಲ್ಲಿ ಕೂತರೆ "ಇಷ್ಟು ಇಲಿ ಯಾಕೆ ಬೇಕು?" ಅಂತ ಕೇಳುತ್ತೀರಿ, ಕೇಳಬೇಕು ಕೂಡ.

ಇನ್ನೊಂದು ರಾತ್ರಿಯ ಕಥೆಯೂ ಕೇಳಿ. 1940ರ ಮೇ 25, ಆಕ್ಸ್‌ಫರ್ಡ್. ಹೋವರ್ಡ್ ಫ್ಲೋರಿಯ ತಂಡ 8 ಇಲಿಗಳಿಗೆ ಕೊಲ್ಲುವಷ್ಟು ಸ್ಟ್ರೆಪ್ಟೋಕಾಕಸ್ ಚುಚ್ಚಿತು. 4ಕ್ಕೆ ಪೆನಿಸಿಲಿನ್ ಕೊಟ್ಟರು, 4ಕ್ಕೆ ಇಲ್ಲ. ನಾರ್ಮನ್ ಹೀಟ್ಲಿ ಅನ್ನುವ ಹುಡುಗ ನಡುರಾತ್ರಿ ದಾಟಿದರೂ ಅಲ್ಲೇ ಕೂತಿದ್ದ. ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ಪೆನಿಸಿಲಿನ್ ಸಿಗದ ನಾಲ್ಕೂ ಸತ್ತಿದ್ದವು. ಸಿಕ್ಕಿದ ನಾಲ್ಕೂ ಜೀವಂತ. ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಗಂಟಲುನೋವು, ನ್ಯುಮೋನಿಯಾ ಬಂದಾಗ ಕೊಟ್ಟ ಔಷಧಿಯ ಬೇರು ಅಲ್ಲಿದೆ. ಇದರಲ್ಲಿ ಅದೃಷ್ಟವೂ ಸೇರಿದೆ. ಗಿನಿಪಿಗ್‌ಗಳಿಗೆ ಪೆನಿಸಿಲಿನ್ ಆಗಿಬರುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅವೇ ಸಾಯುತ್ತವೆ ಅಂತ ಆಮೇಲೆ ಗೊತ್ತಾಯಿತು. ಅವತ್ತು ಇಲಿಯ ಬದಲು ಗಿನಿಪಿಗ್ ತೆಗೆದುಕೊಂಡಿದ್ದರೆ ಪೆನಿಸಿಲಿನ್ನನ್ನು ಇಲಿ ಪಾಷಾಣದ ಸಾಲಿಗೆ ಸೇರಿಸಿಬಿಡುತ್ತಿದ್ದರೋ ಏನೋ.

ಹೀಗಾಗಿ ನಾನು ಒಪ್ಪುವುದು ಇಷ್ಟು. ಕೆಟ್ಟದಾಗಿ ಯೋಚಿಸಿ ಮಾಡಿದ ಪ್ರಯೋಗದಲ್ಲಿ ಸತ್ತ ಇಲಿ ಸುಮ್ನೆ ಸತ್ತಿತು. ಆ ಪಾಪದಲ್ಲಿ ನನಗೂ ಪಾಲಿದೆ, ಎಸಿ ಕೆಟ್ಟ ವಾರದ ಇಲಿಗಳನ್ನು ನಾನು ಮರೆತಿಲ್ಲ.

ಪ್ರಶ್ನೆ: ಕಂಪ್ಯೂಟರಿನಲ್ಲೇ ಎಲ್ಲ ಮಾಡಲು ಆಗಲ್ವಾ? (ಓದುಗರು, ನಿಟುವಳ್ಳಿ, ದಾವಣಗೆರೆ)

ಉತ್ತರ: ಸ್ವಲ್ಪ ಸ್ವಲ್ಪ ಆಗುತ್ತಿದೆ. ಮನುಷ್ಯರ ಜೀವಕೋಶಗಳನ್ನೇ ಕಂಪ್ಯೂಟರ್ ಚಿಪ್‌ನಂಥ ಸಣ್ಣ ಬಿಲ್ಲೆಯ ಮೇಲೆ ಬೆಳೆಸಿ ನೋಡುವ ಕೆಲಸವೂ ನಡೆದಿದೆ. 2023ರಲ್ಲಿ ನಮ್ಮ ದೇಶದ ಔಷಧಿ ಪರೀಕ್ಷೆ ನಿಯಮಗಳಿಗೆ ತಿದ್ದುಪಡಿ ತಂದು ಇಂಥ ದಾರಿಗಳಿಗೂ ಜಾಗ ಕೊಟ್ಟರು. ಆದರೆ ಸೆಪ್ಸಿಸ್ ಒಂದು ಅಂಗದ ಕಾಯಿಲೆ ಅಲ್ಲ. ಹೃದಯ, ಕಿಡ್ನಿ, ಕರುಳು, ಮಿದುಳು ಒಂದನ್ನೊಂದು ಎಳೆದುಕೊಂಡು ಬೀಳುವ ಆಟ. ಅಷ್ಟನ್ನೂ ಅಂಥ ಬಿಲ್ಲೆಯ ಮೇಲೆ ಕೂರಿಸುವುದು ಇನ್ನೂ ದೂರ.

ಪ್ರಶ್ನೆ: ಆಂಟಿಬಯೋಟಿಕ್ ಮಾತ್ರೆ ಕೆಲವು ದಿನಕ್ಕೆ 3 ಸಲ, ಕೆಲವು ಒಂದೇ ಸಲ. ಇದನ್ನು ಯಾರು ತೀರ್ಮಾನ ಮಾಡಿದರು? 3 ಸಲದ್ದನ್ನು ಒಟ್ಟಿಗೆ ನುಂಗಿದರೆ ಏನಾಗುತ್ತದೆ? (ಓದುಗರು, ಜಗಳೂರು)

ಉತ್ತರ: ಒಟ್ಟಿಗೆ ನುಂಗಬೇಡಿ. ಮೊದಲು ಇದು.

ತೀರ್ಮಾನ ಮಾಡಿದವರಲ್ಲಿ ಇಲಿಯ ತೊಡೆಯೂ ಸೇರಿದೆ. 1940–50ರ ದಶಕದಲ್ಲಿ ಅಮೆರಿಕದ ಹ್ಯಾರಿ ಈಗಲ್ ಪ್ರಾಣಿಗಳ ಮೇಲೆ ಪೆನಿಸಿಲಿನ್ ಪ್ರಯೋಗ ಮಾಡುತ್ತಾ ಒಂದು ವಿಷಯ ಗಮನಿಸಿದರು. ಒಂದೇ ಸಲ ಎಷ್ಟು ಸುರಿದರೂ ಅಷ್ಟೇ, ರಕ್ತದಲ್ಲಿ ಔಷಧಿ ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇತ್ತು ಅನ್ನುವುದೇ ಮುಖ್ಯ. ಮಂಡಕ್ಕಿ ಭಟ್ಟಿಯ ಹಾಗೆ, ಕಾವು ಒಮ್ಮೆಲೇ ಏರಿ ಇಳಿದರೆ ಆಗುವುದಿಲ್ಲ, ಹಿಡಿದಿಡಬೇಕು. ಆಮೇಲೆ ಬಂದವರು ಇಲಿಯ ಬಿಳಿ ರಕ್ತಕಣಗಳನ್ನು ಔಷಧಿ ಕೊಟ್ಟು ತಗ್ಗಿಸಿ, ತೊಡೆಯ ಮಾಂಸಕ್ಕೆ ಬ್ಯಾಕ್ಟೀರಿಯಾ ಚುಚ್ಚಿ, ಬೇರೆ ಬೇರೆ ಹೊತ್ತಿಗೆ ಆಂಟಿಬಯೋಟಿಕ್ ಕೊಟ್ಟು, 24 ಗಂಟೆ ಆದ ಮೇಲೆ ಎಷ್ಟು ಉಳಿದವು ಅಂತ ಎಣಿಸಿದರು. ಪೆನಿಸಿಲಿನ್ ಜಾತಿಯವಕ್ಕೆ ಹೊತ್ತು ಮುಖ್ಯ, ಅಮಿಕಾಸಿನ್ ಥರದವಕ್ಕೆ ಒಂದು ಸಲದ ಏಟು ಜೋರಾಗಿರಬೇಕು ಅಂತ ಸ್ಪಷ್ಟವಾಯಿತು. ಅದಕ್ಕೇ ಅಮಿಕಾಸಿನ್ ಇಂಜೆಕ್ಷನ್ ಈಗ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ. ಇಲಿಯಲ್ಲಿ ಸಿಕ್ಕಿದ ಈ ಲೆಕ್ಕ ಮನುಷ್ಯರಲ್ಲೂ ಬಹುಮಟ್ಟಿಗೆ ಸರಿಹೊಂದಿತು. ನೋಡಿ, ಇಲ್ಲಿ ಇಲಿ ಮೋಸ ಮಾಡಲಿಲ್ಲ. ಯಾಕೆ ಅಂದರೆ ಇದು ಹಂದಿ ಹೊಡೆಯುವ ಕೆಲಸ.

ಪ್ರಶ್ನೆ: ನಮ್ಮ ಮನೇಲಿ ರೇಷ್ಮೆ ಹುಳು ಸಾಕ್ತೀವಿ. ಹುಳುವಿನ ಮೇಲೆ ಇಂಥ ಪ್ರಯೋಗ ಮಾಡಬಹುದಾ ಅಂತ ನಮ್ಮ ವಿಜ್ಞಾನದ ಮೇಷ್ಟ್ರನ್ನ ಕೇಳಿದೆ, ನಕ್ಕರು. (9ನೇ ತರಗತಿ ವಿದ್ಯಾರ್ಥಿ, ಹೊಳಲ್ಕೆರೆ ತಾಲೂಕು)

ಉತ್ತರ: ಮೇಷ್ಟ್ರಿಗೆ ಈ ಪುಟ ತೋರಿಸು ಮರಿ. 2002ರಲ್ಲೇ ಜಪಾನಿನವರು ರೇಷ್ಮೆ ಹುಳುವಿಗೆ ಮನುಷ್ಯರ ರೋಗಾಣು ಚುಚ್ಚಿ, ಆಂಟಿಬಯೋಟಿಕ್ ಕೊಟ್ಟರೆ ಹುಳು ಬದುಕುತ್ತದೆ ಅಂತ ತೋರಿಸಿದ್ದಾರೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಎಷ್ಟು ದಪ್ಪ ಇರುತ್ತದೆ ನಿನಗೆ ಗೊತ್ತಲ್ಲ, ಸಣ್ಣ ಸೂಜಿಯಿಂದ ಆರಾಮಾಗಿ ಚುಚ್ಚಬಹುದು. ಜೇನುಪೆಟ್ಟಿಗೆಯಲ್ಲಿ ಮೇಣ ತಿನ್ನುವ ಹುಳು ಇದೆಯಲ್ಲ, ಅದನ್ನು ಇನ್ನೂ ಜಾಸ್ತಿ ಬಳಸುತ್ತಾರೆ. ಅದು 37 ಡಿಗ್ರಿಯಲ್ಲೂ, ಅಂದರೆ ನಮ್ಮ ಮೈ ಕಾವಿನಲ್ಲೂ ಬದುಕುತ್ತದೆ. ಕೆನೆ ಬಣ್ಣದ ಹುಳು ಸೋಂಕು ತಗುಲಿದರೆ ಕಪ್ಪಾಗುತ್ತಾ ಹೋಗುತ್ತದೆ, ಬಣ್ಣ ನೋಡಿಯೇ ಕಾಯಿಲೆ ಎಷ್ಟಿದೆ ಅಂತ ಹೇಳಬಹುದು.

ಹುಳುವಿಗೆ ನಮ್ಮ ಹಾಗೆ ಆಂಟಿಬಾಡಿ ಇಲ್ಲ, ಶ್ವಾಸಕೋಶ ಇಲ್ಲ. ಆದ್ದರಿಂದ ಹತ್ತಾರು ಔಷಧಿಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಅಂತ ಮೊದಲು ಜರಡಿ ಹಿಡಿಯಲು ಇದು ಸರಿ. ಆಮೇಲೆ ಇಲಿ ಬೇಕೇ ಬೇಕು, ಆದರೆ ಕಡಿಮೆ ಸಾಕು. ನಿಮ್ಮ ಮನೆಯಲ್ಲಿ ಸಪ್ಪೆ ರೋಗ ಬಂದು ಹುಳು ಮೆತ್ತಗಾಗಿ ಕಪ್ಪಾಗಿ ಸಾಯುತ್ತದಲ್ಲ, ಅದರ ಹಿಂದೆಯೂ ಎಷ್ಟೋ ಸಲ ಬ್ಯಾಕ್ಟೀರಿಯಾ ಇರುತ್ತದೆ. ಲೂಯಿ ಪಾಶ್ಚರ್ ಕುರಿಯ ನೆರಡಿಗೆ ಲಸಿಕೆ ಮಾಡುವ ಮುಂಚೆ ವರ್ಷಗಟ್ಟಲೆ ರೇಷ್ಮೆ ಹುಳುವಿನ ರೋಗಗಳ ಹಿಂದೆ ಬಿದ್ದಿದ್ದರು. ನೀನು ಮನೆಯಲ್ಲಿ ಮಾತ್ರ ಏನೂ ಚುಚ್ಚಬೇಡ. ಅಪ್ಪ ಬೈದರೆ ನನ್ನ ಹೆಸರು ಹೇಳಬಾರದು.

ಪ್ರಶ್ನೆ: ಲ್ಯಾಬಿನ ಇಲಿ ಅಷ್ಟು ಶುಚಿಯಾಗಿದ್ದರೆ ತೊಂದರೆ ಅಂದಿರಿ. ಹಾಗಾದರೆ ಚರಂಡಿಯ ಇಲಿ ಹಿಡಿದು ಪ್ರಯೋಗ ಮಾಡಬಹುದಲ್ಲ? (ಓದುಗರು, ಹೊಸದುರ್ಗ)

ಉತ್ತರ: ತಮಾಷೆಗೆ ಕೇಳಿದಿರಿ ಅನಿಸುತ್ತದೆ, ಆದರೆ ಹೆಚ್ಚುಕಮ್ಮಿ ಅದನ್ನೇ ಮಾಡಿದರು. 2016ರಲ್ಲಿ ಪ್ರಕಟವಾದ ಕೆಲಸ ಅದು. ಅಮೆರಿಕದ ಮಿನ್ನೆಸೋಟದವರು ಸಾಕುಪ್ರಾಣಿ ಅಂಗಡಿಯಿಂದ ತಂದ ಇಲಿಗಳನ್ನು ಲ್ಯಾಬಿನ ಇಲಿಗಳ ಜೊತೆ ಒಂದೇ ಪಂಜರದಲ್ಲಿ ಬಿಟ್ಟರು. ಅಂಗಡಿ ಇಲಿಯ ಸೋಂಕು ಹತ್ತಿ ಲ್ಯಾಬಿನ ಕೆಲವು ಇಲಿಗಳು ಸತ್ತವು. ಉಳಿದವುಗಳ ರೋಗನಿರೋಧಕ ಕಣಗಳನ್ನು ನೋಡಿದರೆ ಬೆಳೆದ ಮನುಷ್ಯರ ಹಾಗಿದ್ದವು. ಶುಚಿಯಾಗಿಯೇ ಇದ್ದ ಇಲಿಗಳವು ಆಗ ತಾನೇ ಹುಟ್ಟಿದ ಮಗುವಿನ ಹಾಗೆ. ಮಣ್ಣಾಡದೆ ಬೆಳೆದ ಮಗುವಿಗೂ ಸಂತೆಯಲ್ಲಿ ಬೆಳೆದ ಹುಡುಗನಿಗೂ ಇರುವ ಫರಕು.

ಆದರೆ ಇಲಿ ಮನುಷ್ಯರಿಗೆ ಎಷ್ಟು ಹತ್ತಿರ ಅನ್ನುವ ಜಗಳ ಇನ್ನೂ ಮುಗಿದಿಲ್ಲ. 2013ರಲ್ಲಿ ಒಂದು ತಂಡ ಗಾಯ, ಸುಟ್ಟಗಾಯ, ಎಂಡೋಟಾಕ್ಸಿನ್ ಮೂರರಲ್ಲೂ ಇಲಿಯ ಜೀನುಗಳು ಮನುಷ್ಯರ ಹಾಗೆ ವರ್ತಿಸುವುದೇ ಇಲ್ಲ ಅಂತ ಬರೆದು ದೊಡ್ಡ ಗದ್ದಲವಾಯಿತು. ಸ್ವಲ್ಪ ದಿನಕ್ಕೆ ಜಪಾನಿನ ಇಬ್ಬರು ಅದೇ ಅಂಕಿಗಳನ್ನು ಬೇರೆ ಥರ ಲೆಕ್ಕ ಹಾಕಿ, ಇಲ್ಲ, ಚೆನ್ನಾಗಿಯೇ ಹೋಲುತ್ತವೆ ಅಂದರು. ಅಂಕಿ ಒಂದೇ, ತೀರ್ಪು ಎರಡು. ನಮ್ಮ ಪಂಚಾಯ್ತಿ ಕಟ್ಟೆಗೂ ಅದಕ್ಕೂ ಏನು ದೂರ ಹೇಳಿ.

ಪ್ರಶ್ನೆ: ನಮ್ಮದು ಮೆಡಿಕಲ್ ಶಾಪ್. ಡ್ರಿಪ್ ಬಾಟಲಿ ಮೇಲೆ "ಪೈರೋಜನ್ ಇಲ್ಲ" ಅಂತ ಬರೆದಿರುತ್ತಾರಲ್ಲ, ಅದಕ್ಕೂ ಪ್ರಾಣಿಗೂ ಸಂಬಂಧ ಇದೆಯಾ? (ಓದುಗರು, ಪಿ.ಬಿ. ರಸ್ತೆ, ದಾವಣಗೆರೆ)

ಉತ್ತರ: ಇದೆ, ಚೆನ್ನಾಗಿ ಇದೆ. ಪೈರೋಜನ್ ಅಂದರೆ ಜ್ವರ ತರುವ ವಸ್ತು. ಅದರಲ್ಲಿ ಮುಖ್ಯವಾದದ್ದು ಮೇಲೆ ಹೇಳಿದ ಎಂಡೋಟಾಕ್ಸಿನ್. ಬ್ಯಾಕ್ಟೀರಿಯಾ ಸತ್ತಿದ್ದರೂ ಅದರ ವಿಷ ಬಾಟಲಿಯಲ್ಲಿ ಉಳಿದಿರಬಹುದು, ಕುದಿಸಿದರೂ ಹೋಗುವುದಿಲ್ಲ. ಮೊದಲೆಲ್ಲ ಪ್ರತಿ ಬ್ಯಾಚಿನ ಸಲೈನನ್ನು ಮೊಲಗಳ ಕಿವಿಯ ನರಕ್ಕೆ ಹಾಕಿ ಜ್ವರ ಬರುತ್ತದೆಯೇ ಅಂತ ನೋಡುತ್ತಿದ್ದರು. ಮೊಲ ಇಲಿಯ ಹಾಗಲ್ಲ, ನಮ್ಮಂತೆಯೇ ಸ್ವಲ್ಪಕ್ಕೇ ಜ್ವರ ತರಿಸಿಕೊಳ್ಳುತ್ತದೆ. ಆಮೇಲೆ ಕುದುರೆ ಲಾಳದ ಆಕಾರದ ಒಂದು ಸಮುದ್ರದ ಏಡಿ ಸಿಕ್ಕಿತು. ಅದರ ರಕ್ತ ನೀಲಿ. ಎಂಡೋಟಾಕ್ಸಿನ್ ಒಂಚೂರು ಸೋಕಿದರೂ ಗಟ್ಟಿಯಾಗಿ ಗರಣೆ ಕಟ್ಟುತ್ತದೆ. ಇದನ್ನು 1950–60ರ ದಶಕದಲ್ಲಿ ಫ್ರೆಡ್ ಬ್ಯಾಂಗ್ ಮತ್ತು ಜಾಕ್ ಲೆವಿನ್ ಕಂಡುಹಿಡಿದರು. ಲಕ್ಷಾಂತರ ಮೊಲ ಉಳಿದವು, ಆದರೆ ಏಡಿಗಳನ್ನು ಹಿಡಿದು ರಕ್ತ ಬಸಿಯುವುದು ಶುರುವಾಯಿತು. ಈಗ ಅದೇ ರಕ್ತದ ಒಂದು ಪ್ರೋಟೀನನ್ನು ಲ್ಯಾಬಿನಲ್ಲೇ ತಯಾರಿಸುತ್ತಾರೆ, ಅದನ್ನು ಬಳಸಿದರೆ ಏಡಿಯೂ ಬೇಡ. ಈ ಏಡಿಯ ನೆಂಟರು ನಮ್ಮ ಒಡಿಶಾ, ಬಂಗಾಳದ ಕಡಲತೀರದಲ್ಲೂ ಇದ್ದಾರೆ. ಸಮುದ್ರ ಕಾಣದ ದಾವಣಗೆರೆಯ ನಿಮ್ಮ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತಿರುವ ಬಾಟಲಿಗಳ ಲೇಬಲ್ಲಿನ ಹಿಂದೆ ಈ ಮೊಲ, ಈ ಏಡಿ ಇವೆ. ಮುಂದಿನ ಸಲ ಸ್ಟಾಕ್ ಇಳಿಸುವಾಗ ಓದಿ ನೋಡಿ, ಅಕ್ಷರ ಸಣ್ಣದು, ಕನ್ನಡಕ ಬೇಕಾಗಬಹುದು.